ಮರದ ಕೊಂಬೆಯನ್ನು ಅಕ್ವೇರಿಯಂಗೆ ಸಿದ್ಧಮಾಡುವುದು: ಒಣಗಿಸುವುದರಿಂದ ಮುಳುಗಿಸುವವರೆಗೆ

"ಎರಡು ಗಂಟೆ ಕುದಿಸಿದ್ದೆ, ಆದರೂ ನೀರು ಕೆಟ್ಟಿತು." ಕೊಂಬೆ ತಂದು ಟ್ಯಾಂಕಿಗೆ ಹಾಕಿದವರಿಂದ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ನನಗೂ ಹೀಗೇ ಆಗಿತ್ತು. ಮುಂಗೈ ದಪ್ಪದ ಒಂದು ಕೊಂಬೆ, ಹೊರಗಿನಿಂದ ಪೂರ್ತಿ ಒಣಗಿದ ಹಾಗೆ ಕಾಣುತ್ತಿತ್ತು. ಚೆನ್ನಾಗಿ ಕುದಿಸಿ ಹಾಕಿದೆ. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ನೀರು ತೆಳು ಹಾಲಿನ ಹಾಗಿತ್ತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತಿದ್ದವು. ಕೊಂಬೆ ಹೊರತೆಗೆದು ನಡುವೆ ಗರಗಸ ಹಾಕಿದೆ. ಒಳಗಿನ ಮರ ಹಳದಿ ಹಸಿರಾಗಿ ತೇವವಾಗಿತ್ತು, ಹುಳಿ ವಾಸನೆ ಮೂಗಿಗೆ ಬಡಿಯಿತು. ಎರಡು ಮೀನು ಉಳಿಯಲಿಲ್ಲ.

ಹಸಿ ಮರದ ರಸದಲ್ಲಿ ಸಕ್ಕರೆ, ಪಿಷ್ಟ ಇರುತ್ತವೆ. ಅದು ನೀರಿಗೆ ಇಳಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಒಂದೆರಡು ದಿನದಲ್ಲಿ ಅವು ಲೆಕ್ಕವಿಲ್ಲದಷ್ಟು ಹೆಚ್ಚಿ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ರಾತ್ರಿ ಗಿಡಗಳೂ ಆಮ್ಲಜನಕ ಎಳೆದುಕೊಳ್ಳುತ್ತವೆ, ಹಾಗಾಗಿ ಮೀನು ಒದ್ದಾಡುವುದು ಬೆಳಗಿನ ಜಾವದಲ್ಲೇ ಜಾಸ್ತಿ. ಎಷ್ಟು ಕುದಿಸಿದರೂ ದಪ್ಪ ಕೊಂಬೆಯ ನಡುವಿನ ರಸ ಪೂರ್ತಿ ಹೊರಗೆ ಬರುವುದಿಲ್ಲ. ಅದು ತಿಂಗಳುಗಟ್ಟಲೆ ಗಾಳಿಯಲ್ಲಿ ಒಣಗಿಯೇ ಹೋಗಬೇಕು. ಆದ್ದರಿಂದ ಈ ಕೆಲಸದಲ್ಲಿ ಕ್ರಮವೇ ಮುಖ್ಯ. ಮೊದಲು ಒಣಗಿಸುವುದು, ಆಮೇಲೆ ತೊಗಟೆ ತೆಗೆಯುವುದು, ಕತ್ತರಿಸುವುದು, ಕುದಿಸುವುದು, ನೆನೆಸುವುದು, ಬಕೆಟ್ಟಿನಲ್ಲಿ ಪರೀಕ್ಷಿಸುವುದು. ಟ್ಯಾಂಕಿಗೆ ಇಳಿಸುವುದು ಎಲ್ಲಕ್ಕಿಂತ ಕೊನೆಗೆ.

## ಬೇಕಾಗುವ ಸಾಮಾನು

ಕೈಗರಗಸ, ಮೊಂಡು ಚಾಕು, ಗಟ್ಟಿ ನೈಲಾನ್ ಬ್ರಷ್, ಹಳೆಯ ಹಲ್ಲುಜ್ಜುವ ಬ್ರಷ್, ಉಪ್ಪುಕಾಗದ, ಒಂದು ಸ್ಕ್ರೂಡ್ರೈವರ್, ತೂಕದ ಯಂತ್ರ. ಕುದಿಸಲು ದೊಡ್ಡ ಪಾತ್ರೆ ಬೇಕು, ಮತ್ತೆ ಅಡುಗೆಗೆ ಬಳಸದ ಪಾತ್ರೆಯೇ ಆಗಬೇಕು. ನೆನೆಸಲು ಟಬ್ಬು, ಪರೀಕ್ಷೆಗೆ ಒಂದೇ ಅಳತೆಯ ಎರಡು ಬಕೆಟ್ಟು. ಸೋಪಿನ ನೀರು ಕಂಡಿರುವ ಬಕೆಟ್ಟನ್ನು ಈ ಕೆಲಸಕ್ಕೆ ತೆಗೆದುಕೊಳ್ಳಬೇಡಿ. ಅಮೋನಿಯಾ (ಕೊಳೆತದಿಂದ ಹುಟ್ಟುವ, ಮೀನಿಗೆ ವಿಷವಾದದ್ದು), ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ), ಕೆಎಚ್ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್ ಗಡಸುತನ) ಅಳೆಯುವ ಟೆಸ್ಟ್ ಕಿಟ್ ಮತ್ತು ನೀರಿನ ಕ್ಲೋರಿನ್ ತೆಗೆಯುವ ದ್ರಾವಣ ಕೈಯಲ್ಲಿರಲಿ. ಟೆಸ್ಟ್ ಕಿಟ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

## ಹಂತ 1: ಮರ ಯಾವುದು, ಕೊಂಬೆ ಎಲ್ಲಿಯದು

ಮರದ ಹೆಸರು ನಿಮಗೆ ಗೊತ್ತಿರಬೇಕು. ಹೆಸರು ಗೊತ್ತಿಲ್ಲದ ಕೊಂಬೆ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ.

ಗಟ್ಟಿಯಾದ, ಅಂಟು ಸುರಿಸದ, ಘಾಟು ವಾಸನೆ ಇಲ್ಲದ ಮರ ಒಳ್ಳೆಯದು. ಸೀಬೆ, ಓಕ್, ಬೀಚ್, ಆಲ್ಡರ್, ಸೇಬಿನ ಮರಗಳನ್ನು ಅಕ್ವೇರಿಯಂ ಮಾಡುವವರು ಬಹಳ ಕಾಲದಿಂದ ಬಳಸುತ್ತಿದ್ದಾರೆ.

ಬೇಡದ ಮರಗಳ ಪಟ್ಟಿಯನ್ನು ಮಾತ್ರ ಗಮನವಿಟ್ಟು ಓದಿ. ಪೈನ್, ದೇವದಾರು ಜಾತಿಯ ಮರಗಳಲ್ಲಿ ರಾಳ ಇರುತ್ತದೆ, ಅದು ವರ್ಷಗಟ್ಟಲೆ ಒಸರುತ್ತದೆ. ನೀಲಗಿರಿ, ಕರ್ಪೂರದ ಮರಗಳಲ್ಲಿ ಘಾಟಿನ ಎಣ್ಣೆ ಇದೆ. ಕಳ್ಳಿ, ದೇವಕಣಗಿಲೆ, ಆಲ, ಅತ್ತಿ ಹೀಗೆ ಗೀರಿದರೆ ಹಾಲು ಸುರಿಸುವ ಯಾವ ಮರವೂ ಬೇಡ. ಗೇರು ಮರದ ರಸ ನಮ್ಮ ಚರ್ಮವನ್ನೇ ಸುಡುತ್ತದೆ. ಬೇವಿನಲ್ಲಿ ಕೀಟ ಕೊಲ್ಲುವ ಗುಣ ಇದೆ, ಸಿಗಡಿಗಳು ಕೀಟಗಳಿಗೆ ಹತ್ತಿರದ ನೆಂಟರು. ಕಣಗಿಲೆಯನ್ನಂತೂ ಮುಟ್ಟಲೇಬೇಡಿ. ಅದರ ಎಲೆ, ಹೂವು, ಕಾಂಡ ಎಲ್ಲದರಲ್ಲೂ ಹೃದಯದ ಬಡಿತವನ್ನೇ ಕೆಡಿಸುವ ವಿಷ ಇದೆ. ಅದನ್ನು ಕುದಿಸುವುದು ಮೀನಿಗೆ ಮಾತ್ರವಲ್ಲ, ನಿಮಗೂ ಅಪಾಯ.

ಮರ ಸರಿಯಿದ್ದರೆ ಸಾಲದು, ಜಾಗವೂ ಸರಿಯಿರಬೇಕು. ವಾಹನ ಓಡಾಡುವ ರಸ್ತೆಯ ಪಕ್ಕದ ಕೊಂಬೆಯ ಮೇಲೆ ಹೊಗೆ, ಎಣ್ಣೆ ಕೂತಿರುತ್ತದೆ. ಹಣ್ಣಿನ ತೋಟದ ಕೊಂಬೆಯಾದರೆ ಔಷಧಿ ಹೊಡೆದಿದ್ದಾರಾ ಎಂದು ಕೇಳಿ. ಶಿಲೀಂಧ್ರಕ್ಕೆ ಹೊಡೆಯುವ ಬೋರ್ಡೋ ಮಿಶ್ರಣದಲ್ಲಿ ತಾಮ್ರದ ಸಲ್ಫೇಟ್ ಇರುತ್ತದೆ. ಸಿಗಡಿ, ಬಸವನಹುಳುಗಳಿಗೆ ತಾಮ್ರ ಚೂರೇ ಚೂರು ಸಾಕು, ಸಾಯುತ್ತವೆ. ಸಮುದ್ರದ ದಡದಲ್ಲಿ ಸಿಕ್ಕ ಮರದ ಒಳಗೆ ಉಪ್ಪು ಇಳಿದಿರುತ್ತದೆ. ಬಣ್ಣ ಬಳಿದ, ಗೆದ್ದಲು ಔಷಧಿ ಹಚ್ಚಿದ, ಮೊಳೆ ಹೊಡೆದ ಕಟ್ಟಿಗೆ ಯಾವ ಕಾರಣಕ್ಕೂ ಬೇಡ.

ಮರದ ಮೇಲೇ ಸತ್ತು ಒಣಗಿ ನಿಂತ ಕೊಂಬೆ ಸಿಕ್ಕರೆ ಅದೇ ಉತ್ತಮ. ನೆಲಕ್ಕೆ ಬಿದ್ದದ್ದು ಮಣ್ಣಿನ ತೇವ ಹೀರಿ ಒಳಗೊಳಗೇ ಕೊಳೆಯಲು ಶುರುವಾಗಿರಬಹುದು.

## ಹಂತ 2: ನಿಜವಾಗಿ ಒಣಗಿದೆಯಾ?

ಹೆಚ್ಚಿನವರು ಸೋಲುವುದು ಇಲ್ಲಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಉಗುರಿನಿಂದ ತೊಗಟೆ ಕೆರೆಯಿರಿ. ಕೆಳಗೆ ಹಸಿರು ಅಥವಾ ತೇವ ಕಂಡರೆ ಕೊಂಬೆಗೆ ಇನ್ನೂ ಜೀವ ಇದೆ. ಆಮೇಲೆ ತೆಳುವಾದ ಒಂದು ಕವಲನ್ನು ಬಗ್ಗಿಸಿ. ಒಣಗಿದ್ದು ಚಟಕ್ಕನೆ ಮುರಿಯುತ್ತದೆ. ಹಸಿಯದು ಬಾಗುತ್ತದೆ, ಮುರಿದರೂ ನಾರು ಬಿಡುವುದಿಲ್ಲ. ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿ ನೋಡಿ. ಒಣಗಿದ ಮರ ಟಣ್ ಎಂದು ಗಟ್ಟಿ ಸದ್ದು ಕೊಡುತ್ತದೆ, ಹಸಿ ಮರ ದಪ್ ಎನ್ನುತ್ತದೆ.

ಇವೆಲ್ಲ ಹೊರಗಿನ ಸ್ಥಿತಿ ಹೇಳುತ್ತವೆ. ಒಳಗಿನದ್ದು ಹೇಳುವುದು ತೂಕ. ಕೊಂಬೆಯನ್ನು ತಂದ ದಿನ ತೂಗಿ ಬರೆದಿಡಿ. ಪ್ರತಿ ವಾರ ಅದೇ ಯಂತ್ರದಲ್ಲಿ ತೂಗಿ. ತೂಕ ಇಳಿಯುತ್ತಾ ಇದ್ದರೆ ನೀರು ಇನ್ನೂ ಹೊರಗೆ ಹೋಗುತ್ತಿದೆ ಎಂದರ್ಥ. ಮೂರು ವಾರ ಒಂದೇ ತೂಕ ಬಂದರೆ ಒಣಗಿದೆ. ನನ್ನ ಆ ಕೊಂಬೆಯನ್ನು ಕೆಲವೇ ವಾರ ಹೀಗೆ ತೂಗಿ ನೋಡಿದ್ದರೂ ಎರಡು ಮೀನು ಬದುಕುತ್ತಿದ್ದವು.

ಎಷ್ಟು ದಿನ ಬೇಕು? ಬೆರಳು ದಪ್ಪದ ಕಡ್ಡಿಗೆ ಕೆಲವು ತಿಂಗಳು. ದಪ್ಪ ಮರಕ್ಕೆ ಬಡಗಿಗಳ ಲೆಕ್ಕ ಒಂದಿದೆ: 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ವರ್ಷ. ಮರದ ಜಾತಿ, ಹವೆ ನೋಡಿಕೊಂಡು ಇದು ಹೆಚ್ಚು ಕಡಿಮೆ ಆಗುತ್ತದೆ. ಮಳೆ ತಾಗದ, ಗಾಳಿ ಆಡುವ ನೆರಳಲ್ಲಿ, ನೆಲಕ್ಕೆ ತಾಗದ ಹಾಗೆ ಎತ್ತರದಲ್ಲಿಡಿ. ತೊಗಟೆ ಸುಲಭವಾಗಿ ಬಿಡುವಂತಿದ್ದರೆ ಈಗಲೇ ತೆಗೆದುಬಿಡಿ, ಬೇಗ ಒಣಗುತ್ತದೆ. ತುದಿಗಳಲ್ಲಿ ಸಣ್ಣ ಸೀಳು ಬಿಟ್ಟರೆ ಗಾಬರಿ ಬೇಡ, ಅದು ಒಣಗುತ್ತಿರುವ ಗುರುತು.

ಕೊನೆಗೆ ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಒತ್ತಿ ನೋಡಿ. ಬ್ರೆಡ್ಡಿನ ಹಾಗೆ ಒಳಗೆ ಇಳಿದರೆ ಆ ಭಾಗ ಕೊಳೆತಿದೆ. ಗಟ್ಟಿ ಮರ ಸಿಗುವವರೆಗೆ ಅದನ್ನು ಕತ್ತರಿಸಿ ತೆಗೆಯಿರಿ.

ಬೇಗ ಆಗಲಿ ಎಂದು ಮೈಕ್ರೋವೇವ್‌ನಲ್ಲಿ ಇಡಬೇಡಿ. ಒಳಗಿನ ತೇವ ಒಂದೇ ಕಡೆ ಕಾದು ಮರ ಸುಡಲು ಶುರುವಾಗುತ್ತದೆ, ಬೆಂಕಿಯೂ ಹತ್ತಬಹುದು.

## ಹಂತ 3: ತೊಗಟೆ ತೆಗೆಯುವುದು

ತೊಗಟೆ ಚೆನ್ನಾಗಿ ಕಾಣುತ್ತದೆ, ಇರಲಿ ಎಂದು ಉಳಿಸಿಕೊಳ್ಳುವವರಿದ್ದಾರೆ. ನೀರಲ್ಲಿ ಮೊದಲು ಕೊಳೆಯುವುದು ಅದೇ. ತೊಗಟೆಗೂ ಮರಕ್ಕೂ ನಡುವೆ ಗಾಳಿ, ಹುಳದ ಮೊಟ್ಟೆ, ಧೂಳು ಸೇರಿಕೊಂಡಿರುತ್ತದೆ. ಕೆಲವು ವಾರದಲ್ಲಿ ಅದು ಚಕ್ಕೆ ಚಕ್ಕೆಯಾಗಿ ಬಿದ್ದು ಫಿಲ್ಟರ್ ಕಟ್ಟಿಸುತ್ತದೆ. ಪೂರ್ತಿ ತೆಗೆಯುವುದೇ ಸರಿ.

ಮೊಂಡು ಚಾಕುವನ್ನು ಓರೆಯಾಗಿ ಹಿಡಿದು, ನಿಮ್ಮಿಂದ ಆಚೆಗೆ ತಳ್ಳಿ. ಬಿಡದೇ ಹೋದರೆ ಬಲವಂತ ಮಾಡಬೇಡಿ. ಒಂದು ರಾತ್ರಿ ನೀರಲ್ಲಿಟ್ಟರೆ ಅಥವಾ ಅರ್ಧ ಗಂಟೆ ಕುದಿಸಿದರೆ ತೊಗಟೆ ಮೆತ್ತಗಾಗಿ ಪಟ್ಟಿ ಪಟ್ಟಿಯಾಗಿ ಏಳುತ್ತದೆ. ಕವಲಿನ ಸಂದಿಗಳಲ್ಲಿ ಹಲ್ಲುಜ್ಜುವ ಬ್ರಷ್ ಕೆಲಸ ಮಾಡುತ್ತದೆ. ತಂತಿ ಬ್ರಷ್ ಬಳಸಿದರೆ ಉದುರಿದ ತಂತಿ ಮರದಲ್ಲಿ ಸಿಕ್ಕಿಕೊಂಡಿಲ್ಲ ಎಂದು ನೋಡಿಕೊಳ್ಳಿ, ಆಮೇಲೆ ಅದು ನೀರಲ್ಲಿ ತುಕ್ಕು ಹಿಡಿಯುತ್ತದೆ.

ತೊಗಟೆ ಹೋದ ಮೇಲೆ ಸಣ್ಣ ಗುಂಡಗಿನ ತೂತು, ಹಿಟ್ಟಿನಂತಹ ಪುಡಿ ಕಂಡರೆ ಒಳಗೆ ಕೊರೆಯುವ ಹುಳ ಇದೆ ಅಥವಾ ಇತ್ತು. ತೂತು ಜಾಸ್ತಿ ಇದ್ದರೆ ಆ ತುಂಡನ್ನು ಬಿಡುವುದು ವಾಸಿ.

## ಹಂತ 4: ಅಳತೆ, ಆಕಾರ, ಚೂಪು ತುದಿಗಳು

ಕುದಿಸುವ ಮೊದಲೇ ಕತ್ತರಿಸಿ. ಪಾತ್ರೆಗೆ ಹಿಡಿಯುತ್ತದೆ, ಹೊಸದಾಗಿ ಕತ್ತರಿಸಿದ ತುದಿಯಿಂದ ಬಿಸಿನೀರು ಒಳಗೂ ಇಳಿಯುತ್ತದೆ. ಖಾಲಿ ಟ್ಯಾಂಕ್ ಇದ್ದರೆ ಒಳಗಿಟ್ಟು ನೋಡಿ. ಇಲ್ಲದಿದ್ದರೆ ನೆಲದ ಮೇಲೆ ಟ್ಯಾಂಕಿನ ಅಳತೆ ಗುರುತು ಮಾಡಿ ಅದರೊಳಗೆ ಜೋಡಿಸಿ.

ಕೊಂಬೆಯನ್ನು ಎರಡು ಗಾಜಿನ ನಡುವೆ ಸಿಕ್ಕಿಸಿ ನಿಲ್ಲಿಸುವ ಯೋಚನೆ ಬೇಡವೇ ಬೇಡ. ನೀರು ಕುಡಿದ ಮರ ಉಬ್ಬುತ್ತದೆ. ಆ ಒತ್ತಡಕ್ಕೆ ಗಾಜು ಬಿರುಕು ಬಿಡುತ್ತದೆ, ಇಲ್ಲವೇ ಮೂಲೆಯ ಅಂಟು ಬಿಡುತ್ತದೆ. ಸುತ್ತಲೂ 3ರಿಂದ 4 ಸೆಂಟಿಮೀಟರ್ ಜಾಗ ಬಿಡಿ. ಗಾಜು ಉಜ್ಜಲಿಕ್ಕೂ ಕೈ ಹೋಗಬೇಕಲ್ವಾ.

ತುದಿಗಳನ್ನು ಉಪ್ಪುಕಾಗದದಿಂದ ಗುಂಡಗೆ ಮಾಡಿ. ಒಂದು ಹತ್ತಿ ಬಟ್ಟೆಯನ್ನೋ ಹಳೆಯ ನೈಲಾನ್ ಕಾಲುಚೀಲವನ್ನೋ ಕೊಂಬೆಯ ಮೇಲೆಲ್ಲ ಸವರಿ ನೋಡಿ. ದಾರ ಸಿಕ್ಕಿಕೊಂಡ ಕಡೆ ಬೆಟ್ಟಾ ಮೀನಿನ ರೆಕ್ಕೆಯೂ ಹರಿಯುತ್ತದೆ. ಇಕ್ಕಟ್ಟಾದ ಸೀಳು, ಕವಲುಗಳನ್ನೂ ಗಮನಿಸಿ. ಮೀನು ತಲೆ ತೂರಿಸಿ ಹಿಂದೆ ಬರಲಾಗದೆ ಸಾಯುವುದುಂಟು. ಅಂಥ ಸಂದಿಯನ್ನು ಅಗಲ ಮಾಡಿ, ಇಲ್ಲವೇ ಸಣ್ಣ ಕಲ್ಲಿನಿಂದ ಮುಚ್ಚಿ.

ವಾರ್ನಿಶ್, ಬಣ್ಣ, ಮರಕ್ಕೆ ಹಚ್ಚುವ ಎಣ್ಣೆ ಯಾವುದೂ ತಾಗಬಾರದು.

## ಹಂತ 5: ಕುದಿಸುವುದು

ಮರ ಪೂರ್ತಿ ಮುಳುಗುವಷ್ಟು ನೀರಿಡಿ. ತೇಲುತ್ತದೆ, ಮೇಲೆ ಭಾರ ಇಡಿ. ಭಾರಕ್ಕೆ ಸ್ಟೀಲ್ ಪಾತ್ರೆ ಇಡಿ, ನದಿಯ ಕಲ್ಲು ಇಡಬೇಡಿ. ಒಳಗೆ ನೀರು ಸೇರಿದ ಕಲ್ಲು ಕಾದರೆ ಸಿಡಿಯಬಹುದು.

ಕುದಿ ಬಂದ ಮೇಲೆ ಒಂದು ಗಂಟೆ ಕುದಿಸಿ. ಕಂದು ನೀರು ಚೆಲ್ಲಿ, ಹೊಸ ನೀರಲ್ಲಿ ಇನ್ನೊಂದು ಗಂಟೆ. ಮಣಿಕಟ್ಟಿಗಿಂತ ದಪ್ಪವಿದ್ದರೆ ಮೂರನೇ ಸಲವೂ ಮಾಡಿ, ಬಿಸಿ ನಡುಭಾಗ ತಲುಪಲು ಹೊತ್ತು ಬೇಕು. ಮೊಟ್ಟೆ, ಹುಳ, ಪಾಚಿ, ಹೆಚ್ಚಿನ ಬ್ಯಾಕ್ಟೀರಿಯಾ ಇಷ್ಟಕ್ಕೆ ಸಾಯುತ್ತವೆ. ದಿನವಿಡೀ ಕುದಿಸಿದರೆ ಲಾಭವಿಲ್ಲ, ಮರದ ನಾರು ಮೆತ್ತಗಾಗಿ ಆಯುಷ್ಯ ಕಡಿಮೆಯಾಗುತ್ತದೆ ಅಷ್ಟೆ.

ಒಲೆ ಆರಿಸಿದ ಕೂಡಲೇ ಕೊಂಬೆ ಹೊರಗೆ ತೆಗೆಯಬೇಡಿ. ಅದೇ ನೀರಲ್ಲಿ ಮುಳುಗಿಯೇ ತಣ್ಣಗಾಗಲಿ. ಬಿಸಿಯಲ್ಲಿ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಬಂದಿರುತ್ತದೆ. ತಣ್ಣಗಾಗುವಾಗ ಒಳಗೆ ಉಳಿದದ್ದು ಕುಗ್ಗುತ್ತದೆ, ಆ ಜಾಗಕ್ಕೆ ಮರ ನೀರನ್ನು ಎಳೆದುಕೊಳ್ಳುತ್ತದೆ. ಮುಂದೆ ಮುಳುಗಿಸುವ ಕೆಲಸ ಇದರಿಂದ ಅರ್ಧ ಹಗುರಾಗುತ್ತದೆ. ಇದನ್ನು ತಿಳಿಯದೆ ಬಿಸಿ ಬಿಸಿಯಾಗಿ ಹೊರಗಿಟ್ಟರೆ ಮರ ಗಾಳಿಯನ್ನೇ ಮತ್ತೆ ತುಂಬಿಕೊಳ್ಳುತ್ತದೆ.

ಪಾತ್ರೆಗೆ ಹಿಡಿಯದ ಉದ್ದ ಕೊಂಬೆಯನ್ನು ಒಂದು ತುದಿ, ಆಮೇಲೆ ಇನ್ನೊಂದು ತುದಿ ಎಂದು ತಿರುಗಿಸಿ ಕುದಿಸಬಹುದು. ಅದೂ ಆಗದಿದ್ದರೆ ಟಬ್ಬಿನಲ್ಲಿಟ್ಟು ದಿನಕ್ಕೊಮ್ಮೆ ಕುದಿಯುವ ನೀರು ಸುರಿದು ಬಟ್ಟೆ ಮುಚ್ಚಿ, ಒಂದು ವಾರ ಹೀಗೆ ಮಾಡಿ, ನೆನೆಸುವ ದಿನ ಹೆಚ್ಚಿಸಿ.

ಪ್ರೆಷರ್ ಕುಕ್ಕರ್ ಬೇಡ. ಮರದ ಚೂರು ಹಬೆಯ ತೂತಿಗೆ ಸಿಕ್ಕಿಕೊಂಡರೆ ಕುಕ್ಕರ್ ಸಿಡಿಯುವ ಅಪಾಯ ಇದೆ. ಸೋಪು, ಡಿಟರ್ಜೆಂಟ್ ಕೂಡ ಬೇಡ, ಮರ ಅದನ್ನು ಹೀರಿಕೊಂಡು ತಿಂಗಳುಗಟ್ಟಲೆ ಬಿಡುತ್ತದೆ. ಬ್ಲೀಚ್ ಬಳಸುವವರಿದ್ದಾರೆ. ಗಾಜು, ಕಲ್ಲಿಗಾದರೆ ಸರಿ. ಸ್ಪಂಜಿನಂತೆ ಹೀರುವ ಮರಕ್ಕೆ ನಾನು ಬಳಸುವುದಿಲ್ಲ. ಕುದಿಸಿದ ಮೇಲೂ ಎಲ್ಲೋ ಒಂದು ಕಡೆ ಬೂಸ್ಟು ಕಂಡರೆ 3% ಹೈಡ್ರೋಜನ್ ಪೆರಾಕ್ಸೈಡ್ ಸವರಿ ತೊಳೆಯಿರಿ, ಅದು ಒಡೆದು ನೀರು ಮತ್ತು ಆಮ್ಲಜನಕವೇ ಆಗುತ್ತದೆ.

## ಹಂತ 6: ನೆನೆಸುವುದು

ಈಗ ತಣ್ಣೀರಿನ ಟಬ್ಬಿನಲ್ಲಿ ಮುಳುಗಿಸಿಡಿ. ಮೊದಲ ವಾರ ದಿನಾ ನೀರು ಬದಲಿಸಿ, ಆಮೇಲೆ ಎರಡು ದಿನಕ್ಕೊಮ್ಮೆ. ತೆಳು ಕೊಂಬೆಗೆ ಒಂದೆರಡು ವಾರ, ದಪ್ಪದ್ದಕ್ಕೆ ನಾಲ್ಕು ವಾರ ಅಥವಾ ಜಾಸ್ತಿ.

ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಅದು ಟ್ಯಾನಿನ್, ಮರದಿಂದ ಇಳಿಯುವ ಕಂದು ಬಣ್ಣದ ಒಗರು ಪದಾರ್ಥ, ವಿಷವಲ್ಲ. ಪೂರ್ತಿ ತಿಳಿಯಾಗಲೇಬೇಕು ಅಂತ ಇಲ್ಲ. ಪ್ರತಿ ಸಲ ಬಣ್ಣ ತೆಳುವಾಗುತ್ತಾ ಬರುತ್ತಿದೆಯಾ ಎಂಬುದನ್ನು ಮಾತ್ರ ನೋಡಿ. ಬೆಟ್ಟಾ, ಟೆಟ್ರಾ ಮೀನುಗಳಿಗೆ ಈ ತೆಳು ಕಂದು ನೀರು ಒಗ್ಗುತ್ತದೆ. ನಿಮಗೆ ಬಣ್ಣ ಇಷ್ಟವಿಲ್ಲದಿದ್ದರೆ ಆಮೇಲೆ ಫಿಲ್ಟರ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ (ಬಣ್ಣ ಹೀರುವ ಇದ್ದಿಲು) ಹಾಕಿ.

ಬಣ್ಣಕ್ಕಿಂತ ವಾಸನೆ ಮುಖ್ಯ. ನೀರು ಬದಲಿಸುವಾಗ ಪ್ರತಿ ಸಲ ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ, ಒದ್ದೆ ಕಟ್ಟಿಗೆಯ ವಾಸನೆ ಇದ್ದರೆ ಸರಿ. ಹುಳಿ, ಹೆಂಡದಂಥ ವಾಸನೆ ಬಂದರೆ ಒಳಗೆ ರಸ ಉಳಿದಿದೆ, ಕೊಂಬೆಯನ್ನು ಹಂತ 2ಕ್ಕೆ ವಾಪಸ್ ಕಳಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮರ ಒಳಗೆ ಕೊಳೆಯುತ್ತಿದೆ, ಬಿಸಾಡಿ.

## ಹಂತ 7: ಎರಡು ಬಕೆಟ್ಟಿನ ಪರೀಕ್ಷೆ

ಇದನ್ನು ಸುಮ್ನೆ ಬಿಟ್ಟುಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ.

ಎರಡು ಬಕೆಟ್ಟಿಗೂ ಕ್ಲೋರಿನ್ ತೆಗೆದ ಒಂದೇ ನೀರು ತುಂಬಿ. ಒಂದರಲ್ಲಿ ಕೊಂಬೆ ಇಡಿ, ಇನ್ನೊಂದು ಬರೀ ನೀರು. ಎರಡರದ್ದೂ ಅಮೋನಿಯಾ, ಪಿಎಚ್, ಕೆಎಚ್ ಅಳೆದು ಬರೆದುಕೊಳ್ಳಿ. ಮೂರನೇ ದಿನ, ಏಳನೇ ದಿನ ಮತ್ತೆ ಅಳೆಯಿರಿ. ಕೆಲವು ಕಡೆ ನಲ್ಲಿ ನೀರಿಗೆ ಕ್ಲೋರಮಿನ್ (ಕ್ಲೋರಿನ್, ಅಮೋನಿಯಾ ಸೇರಿದ್ದು) ಹಾಕಿರುತ್ತಾರೆ, ಆಗ ಬರೀ ನೀರೇ ಸ್ವಲ್ಪ ಅಮೋನಿಯಾ ತೋರಿಸಬಹುದು. ಎರಡನೇ ಬಕೆಟ್ಟು ಇರುವುದು ಅದಕ್ಕೇ. ಎರಡರ ನಡುವಿನ ವ್ಯತ್ಯಾಸವೇ ಕೊಂಬೆಯ ಕೆಲಸ.

ಕೊಂಬೆಯ ಬಕೆಟ್ಟಿನಲ್ಲಿ ಅಮೋನಿಯಾ ಏರಬಾರದು, ನೀರು ಬೆಳ್ಳಗಾಗಬಾರದು, ಮೇಲೆ ಎಣ್ಣೆಯಂತೆ ಹೊಳೆಯುವ ಪದರ ಕಟ್ಟಬಾರದು. ಪಿಎಚ್ ತುಸು ಇಳಿಯುವುದು ಸಹಜ. ಆದರೆ ನಿಮ್ಮ ನೀರಿನ ಕೆಎಚ್ 4 ಡಿಗ್ರಿಗಿಂತ ಕಡಿಮೆ ಇದ್ದರೆ ಎಚ್ಚರ, ಅಂಥ ಮೆದು ನೀರಲ್ಲಿ ಟ್ಯಾನಿನ್ ಪಿಎಚ್ ಅನ್ನು ಬೇಗ ಕೆಳಗೆ ಎಳೆಯುತ್ತದೆ. ಇನ್ನಷ್ಟು ದಿನ ನೆನೆಸಿ.

ಒಂದು ಬಸವನಹುಳು ಬಿಟ್ಟು ಸಾಯುತ್ತದಾ ನೋಡು ಎಂಬ ಸಲಹೆ ಆಗಾಗ ಕೇಳುತ್ತದೆ. ಟೆಸ್ಟ್ ಕಿಟ್ ಇರುವಾಗ ಒಂದು ಜೀವವನ್ನು ಪಣಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ.

## ಹಂತ 8: ಮುಳುಗಿಸಿ ಕೂರಿಸುವುದು

ಮರದ ನಾರಿನ ಗೋಡೆ ನೀರಿಗಿಂತ ಭಾರ, ಘನ ಸೆಂಟಿಮೀಟರಿಗೆ ಸುಮಾರು 1.5 ಗ್ರಾಂ. ತೇಲಿಸುವುದು ಒಳಗಿನ ಗಾಳಿ. ಹಾಗಾಗಿ ಗಾಳಿ ಹೋದರೆ ಯಾವ ಮರವೂ ಮುಳುಗಲೇಬೇಕು, ಕೆಲವಕ್ಕೆ ತಿಂಗಳುಗಳು ಹಿಡಿಯುತ್ತವೆ. ಕಾಯಲು ಆಗದಿದ್ದರೆ ಕೊಂಬೆಯ ಬುಡವನ್ನು ಸ್ಲೇಟ್ ಕಲ್ಲಿನ ಚಪ್ಪಡಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ ಬಿಗಿಯಿರಿ, ತುಕ್ಕನ್ನು ಹೆಚ್ಚು ತಡೆಯುವ 316 ದರ್ಜೆಯದಾದರೆ ಒಳ್ಳೆಯದು. ಚಪ್ಪಡಿಯನ್ನು ಜಲ್ಲಿಯ ಕೆಳಗೆ ಮುಚ್ಚಿ. ಹಿತ್ತಾಳೆ ಸ್ಕ್ರೂ, ತಾಮ್ರದ ತಂತಿ ಬೇಡ. ಸಣ್ಣ ತುಂಡನ್ನು ನೈಲಾನ್ ದಾರದಿಂದ ಕಲ್ಲಿಗೆ ಕಟ್ಟಿದರೂ ಸಾಕು.

ಸುಮ್ಮನೆ ಮೇಲೊಂದು ಕಲ್ಲು ಹೇರಿ ಬಿಡಬೇಡಿ. ಮೀನು ತಾಗಿದರೆ ಕಲ್ಲು ಜಾರುತ್ತದೆ, ಕೊಂಬೆ ಬಾಣದ ಹಾಗೆ ಮೇಲೇಳುತ್ತದೆ. ಗಾಜಿಗೆ ಬಡಿದರೆ ಮುಗಿಯಿತು.

ಬರೀ ಮರದ ಬುಡವನ್ನು ಜಲ್ಲಿಯಲ್ಲಿ ಆಳವಾಗಿ ಹೂಳುವುದೂ ಸರಿಯಲ್ಲ. ಗಾಳಿಯಾಡದ ಆ ಜಾಗವೇ ಮೊದಲು ಕಪ್ಪಾಗಿ ಕೊಳೆಯುತ್ತದೆ. ಒಳಗೆ ಇಳಿಸುವ ಮೊದಲು ಹೀಟರ್, ಪಂಪುಗಳ ಸ್ವಿಚ್ ಆರಿಸಿ.

## ಹಂತ 9: ಮೊದಲ ಒಂದು ತಿಂಗಳು

ಒಂದು ವಾರದೊಳಗೆ ಕೊಂಬೆಯ ಮೇಲೆ ಬಿಳಿ, ಪಾರದರ್ಶಕ ಲೋಳೆ ಮೂಡಬಹುದು. ಹತ್ತಿರದಿಂದ ನೋಡಿದರೆ ಒದ್ದೆ ಹತ್ತಿಯ ಎಳೆಗಳು ನೀರಿನ ಸೆಳೆತಕ್ಕೆ ಅಲ್ಲಾಡುವಂತೆ ಕಾಣುತ್ತದೆ. ಇದನ್ನು ಕಂಡು ಹೆದರಿ ಕೊಂಬೆ ಎಸೆದವರು ಬಹಳ ಜನ. ಇದು ಬಯೋಫಿಲ್ಮ್. ಮರದಲ್ಲಿ ಉಳಿದ ಅಲ್ಪಸ್ವಲ್ಪ ಸಕ್ಕರೆ ತಿನ್ನುವ ಬ್ಯಾಕ್ಟೀರಿಯಾ, ಶಿಲೀಂಧ್ರ. ಮೀನಿಗೆ ತೊಂದರೆಯಿಲ್ಲ. ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿ ಹೋಗುತ್ತದೆ. ಸಿಗಡಿ, ಬಸವನಹುಳುಗಳು ಇದನ್ನು ಖುಷಿಯಿಂದ ತಿನ್ನುತ್ತವೆ. ತೀರಾ ಜಾಸ್ತಿಯಾದರೆ ಬ್ರಷ್‌ನಿಂದ ಉಜ್ಜಿ, ಪೈಪಿನಿಂದ ಹೀರಿ ತೆಗೆಯಿರಿ. ಇದಕ್ಕೆಂದು ಶಿಲೀಂಧ್ರದ ಔಷಧಿ ಸುರಿಯಬೇಡಿ.

ಹೆದರಬೇಕಾದ ಗುರುತುಗಳೇ ಬೇರೆ. ಇಡೀ ನೀರು ಬೆಳ್ಳಗಾಗುವುದು. ಬೆಳಿಗ್ಗೆ ಮೀನುಗಳು ಮೇಲ್ಮೈಯಲ್ಲಿ ಉಸಿರಿಗೆ ಒದ್ದಾಡುವುದು. ಸಿಗಡಿಗಳು ಒಮ್ಮೆಲೇ ಎಲ್ಲೆಂದರಲ್ಲಿ ಓಡಾಡುವುದು. ಅಮೋನಿಯಾ ಸೊನ್ನೆಗಿಂತ ಮೇಲೇರುವುದು. ಮರದ ಮೇಲೆ ಮೆತ್ತನೆಯ ಕಪ್ಪು ಕಲೆ, ಕೊಳೆತ ಮೊಟ್ಟೆಯ ವಾಸನೆ. ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಅನ್ನಬೇಡಿ. ಆಗಲೇ ಕೊಂಬೆ ಹೊರತೆಗೆಯಿರಿ. ಅದೇ ಉಷ್ಣತೆಯ, ಕ್ಲೋರಿನ್ ತೆಗೆದ ನೀರಿನಿಂದ 40ರಿಂದ 50% ನೀರು ಬದಲಿಸಿ. ಏರ್ ಪಂಪ್ ಜೋರಾಗಿ ಓಡಲಿ. ಒಂದೆರಡು ದಿನ ಮೀನಿಗೆ ಆಹಾರ ನಿಲ್ಲಿಸಿ, ದಿನಾ ಅಮೋನಿಯಾ ಅಳೆಯಿರಿ.

ತೆಗೆದ ಕೊಂಬೆಯನ್ನು ಅತಿ ದಪ್ಪ ಇರುವ ಕಡೆ ಅಡ್ಡಕ್ಕೆ ಕತ್ತರಿಸಿ ನೋಡಿ. ಒಳಗೆ ಗಟ್ಟಿಯಾಗಿದ್ದು ಬರೀ ಹಸಿ ಉಳಿದಿದ್ದರೆ ಮತ್ತೆ ಒಣಗಿಸಿ ಬಳಸಬಹುದು. ಮೆತ್ತಗಾಗಿದ್ದರೆ ಬಿಸಾಡಬೇಕು.

ತಿಂಗಳು ಕಳೆದ ಮೇಲೂ ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸುವ ದಿನ ಒಮ್ಮೆ ಹೆಬ್ಬೆರಳಿನಿಂದ ಕೊಂಬೆಯನ್ನು ಒತ್ತಿ ನೋಡುತ್ತಿರಿ, ಅದರಲ್ಲೂ ಜಲ್ಲಿಗೆ ತಾಗಿದ ಬುಡವನ್ನು. ಮೇಲ್ಪದರ ಒಂದು ಮಿಲಿಮೀಟರ್ ಮೆತ್ತಗಿದ್ದು ಕೆಳಗೆ ಗಟ್ಟಿ ಸಿಕ್ಕರೆ ಅದು ಸಹಜ ಸವೆತ. ಬೆರಳು ಒಳಗೆ ಇಳಿದರೆ, ಅಥವಾ ಒತ್ತಿದಾಗ ಕೊಳೆತ ವಾಸನೆಯ ಗುಳ್ಳೆಗಳು ಎದ್ದರೆ, ಆ ಕೊಂಬೆಯ ಕಾಲ ಮುಗಿದಿದೆ. ಇಂಥ ದಿನಕ್ಕೆಂದೇ ನಾನು ಈಗ ಯಾವಾಗಲೂ ಎರಡು ಕೊಂಬೆ ನೆರಳಲ್ಲಿ ಒಣಗಲು ಇಟ್ಟಿರುತ್ತೇನೆ, ತೂಕ ಬರೆದ ಚೀಟಿ ಕಟ್ಟಿ.